ಡ್ಯಾಶ್‌ಬೋರ್ಡಿನೊಳಗೆ ಕೂರಿಸಿದ ಜಿಪಿಎಸ್ ಸಾಧನ ತಕರಾರು ಮಾಡಿದಾಗ: ದೋಷ ನಿವಾರಣೆ ಕೈಪಿಡಿ

ಮುಂದಿನ ಗಾಜಿಗೆ ಸಕ್ಷನ್ ಕಪ್ಪಿನಿಂದ ಅಂಟಿಕೊಂಡು, ಲೈಟರ್ ಸಾಕೆಟ್ಟಿನಿಂದ ಜೋತುಬಿದ್ದ ವೈರಿನಲ್ಲಿ ವಿದ್ಯುತ್ತು ಪಡೆದು, ವರ್ಷಗಟ್ಟಲೆ ತಕರಾರಿಲ್ಲದೆ ದಾರಿ ತೋರಿಸುತ್ತಿದ್ದ ಪೋರ್ಟಬಲ್ ಜಿಪಿಎಸ್ ಸಾಧನವನ್ನು ಡ್ಯಾಶ್‌ಬೋರ್ಡಿನೊಳಗೆ ಚೌಕಟ್ಟು ಕಟ್ಟಿ ಅಚ್ಚುಕಟ್ಟಾಗಿ ಕೂರಿಸಿದ ವಾರದೊಳಗೇ ಅದು ಉಪಗ್ರಹ ಸಿಗುತ್ತಿಲ್ಲವೆನ್ನಲು, ನಡುದಾರಿಯಲ್ಲಿ ಆರಿಹೋಗಲು, ಮುಟ್ಟದಿದ್ದರೂ ಮುಟ್ಟಿದಂತೆ ವರ್ತಿಸಲು ತೊಡಗಿದರೆ, ಸಾಧನವೇ ಕೆಟ್ಟಿತೆಂಬ ತೀರ್ಮಾನಕ್ಕೆ ಬರುವುದು ಸಹಜ. ಆದರೆ ಇಂಥ ಜೋಡಣೆಗಳಲ್ಲಿ ನಾನು ಕಂಡ ದೋಷಗಳ ಪೈಕಿ ಸಾಧನದ ಒಳಗಿನವು ಬೆರಳೆಣಿಕೆಯಷ್ಟು. ಮಿಕ್ಕವೆಲ್ಲ ಜೋಡಣೆಯಿಂದಲೇ ಹುಟ್ಟಿದವು. ಗಾಜಿನ ಮೇಲಿದ್ದಾಗ ಆ ಸಾಧನಕ್ಕೆ ತೆರೆದ ಆಕಾಶ, ಬೆನ್ನ ಹಿಂದೆ ಆಡುವ ಗಾಳಿ, ಅದರದೇ ಚಾರ್ಜರಿನ ವೋಲ್ಟೇಜು ಮತ್ತು ಪರದೆಯ ಸುತ್ತ ಒತ್ತಡವಿಲ್ಲದ ಬಿಡುವು, ಈ ನಾಲ್ಕೂ ನಾವು ಯೋಚಿಸದೆಯೇ ದೊರೆಯುತ್ತಿದ್ದವು. ಡ್ಯಾಶ್‌ಬೋರ್ಡಿನೊಳಗೆ ಇಳಿಸಿದಾಗ ಅವುಗಳಲ್ಲಿ ಯಾವುದನ್ನು ಕಿತ್ತುಕೊಂಡೆವು ಎಂಬುದನ್ನು ಕಂಡುಹಿಡಿಯುವುದೇ ಇಲ್ಲಿನ ದೋಷ ಪತ್ತೆಯ ಕೆಲಸ.

ಬೇಕಾಗುವ ಉಪಕರಣಗಳು ಹೆಚ್ಚಿಲ್ಲ: ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರು, ಸಾಧನದ ಜೊತೆ ಬಂದಿದ್ದ ಮೂಲ ಚಾರ್ಜರು, ಸಾಧ್ಯವಾದರೆ ಯುಎಸ್‌ಬಿ ವೈರಿನ ನಡುವೆ ಸಿಕ್ಕಿಸಿ ವೋಲ್ಟೇಜು ಮತ್ತು ಕರೆಂಟು ಎರಡನ್ನೂ ತೋರಿಸುವ ಚಿಕ್ಕ ಮೀಟರು. ಕೈ ಹಾಕುವ ಮೊದಲು ಒಂದು ಎಚ್ಚರಿಕೆಯನ್ನು ಗಮನಿಸಬೇಕು. ಡ್ಯಾಶ್‌ಬೋರ್ಡಿನ ಹಿಂದೆ ಹಳದಿ ಬಣ್ಣದ ಕನೆಕ್ಟರುಗಳು ಕಂಡರೆ ಅವು ಏರ್‌ಬ್ಯಾಗಿನವು ಎಂದೇ ತಿಳಿದು, ಅವುಗಳಿಗೆ ಮೀಟರಿನ ಕಡ್ಡಿಯನ್ನಾಗಲಿ ಟೆಸ್ಟ್ ಲ್ಯಾಂಪನ್ನಾಗಲಿ ತಾಗಿಸಬಾರದು. ಆ ಭಾಗವನ್ನು ಬಿಚ್ಚಲೇಬೇಕಾದಾಗ ಕಾರಿನ ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಳಚಿ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಮುಂದುವರಿಯಬೇಕು.

ಮೊದಲ ಪರೀಕ್ಷೆ: ಹೊರಗೆ ತೆಗೆದು ನೋಡುವುದು

ಏನನ್ನೂ ಅಳೆಯುವ ಮೊದಲು ಸಾಧನವನ್ನು ಚೌಕಟ್ಟಿನಿಂದ ಹೊರತೆಗೆದು, ಹಳೆಯ ಬ್ರಾಕೆಟ್ಟಿನಲ್ಲಿ ಗಾಜಿಗೆ ಅಂಟಿಸಿ, ಮೂಲ ಚಾರ್ಜರಿನಿಂದಲೇ ವಿದ್ಯುತ್ತು ಕೊಟ್ಟು ಅರ್ಧ ಗಂಟೆ ಓಡಾಡಿಸಬೇಕು. ದೋಷ ಹಾಗೆಯೇ ಉಳಿದರೆ ಸಾಧನವನ್ನು ಅನುಮಾನಿಸಲು ಕಾರಣವುಂಟು. ಮಾಯವಾದರೆ ಜೋಡಣೆಯ ದೋಷವೆಂದು ಅಲ್ಲಿಗೇ ಖಚಿತವಾಗುತ್ತದೆ. ಅನಂತರ ಒಂದೊಂದನ್ನೇ ಮರಳಿ ತರಬೇಕು: ಮೊದಲು ಸಾಧನ ಗಾಜಿನ ಮೇಲೆಯೇ ಇದ್ದು ಹೊಸ ವೈರಿಂಗಿನಿಂದ ವಿದ್ಯುತ್ತು, ಬಳಿಕ ಮೂಲ ಚಾರ್ಜರಿನಿಂದ ವಿದ್ಯುತ್ತು ಪಡೆಯುತ್ತ ಸಾಧನ ಚೌಕಟ್ಟಿನೊಳಗೆ. ಈ ಎರಡು ಪ್ರಯೋಗಗಳು ವಿದ್ಯುತ್ತಿನ ದೋಷವನ್ನೂ ಜಾಗದ ದೋಷವನ್ನೂ ಬೇರ್ಪಡಿಸಿಕೊಡುತ್ತವೆ. ಎರಡನ್ನೂ ಒಟ್ಟಿಗೆ ಬದಲಿಸಿ ನೋಡಿದವರು ಸಾಮಾನ್ಯವಾಗಿ ಎರಡು ದಿನ ಹೆಚ್ಚು ಕೆಲಸ ಮಾಡುತ್ತಾರೆ. ಆ ಸಾಲಿನಲ್ಲಿ ನಾನೂ ನಿಂತಿದ್ದೇನೆ.

ಉಪಗ್ರಹಗಳು ಸಿಗುತ್ತಿಲ್ಲ, ಅಥವಾ ಸಿಕ್ಕು ಕಳೆದುಹೋಗುತ್ತಿವೆ

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ನಾಗರಿಕ ಬಳಕೆಯ ಮುಖ್ಯ ಸಂಕೇತವನ್ನು 1575.42 ಮೆಗಾಹರ್ಟ್ಸ್ ಆವರ್ತನದಲ್ಲಿ ಕಳುಹಿಸುತ್ತವೆ. ಅದು ನೆಲ ಮುಟ್ಟುವ ವೇಳೆಗೆ ಒಂದು ವ್ಯಾಟನ್ನು ಹತ್ತು ಸಾವಿರ ಲಕ್ಷ ಕೋಟಿ ಭಾಗ ಮಾಡಿದರೆ ಸಿಗುವ ಒಂದು ಪಾಲಿನಷ್ಟು ಮಾತ್ರ ಉಳಿದಿರುತ್ತದೆ. ಇಷ್ಟು ಕ್ಷೀಣವಾದ ಸಂಕೇತಕ್ಕೆ ಡ್ಯಾಶ್‌ಬೋರ್ಡಿನ ಒಣ ಪ್ಲಾಸ್ಟಿಕ್ಕು ಹೆಚ್ಚೇನೂ ಅಡ್ಡಿಯಲ್ಲ, ಆದರೆ ತೆಳುವಾದ ಲೋಹದ ಹಾಳೆಯೂ ಪೂರ್ತಿ ಗೋಡೆಯೇ. ಹಾಗಾಗಿ ಸಾಧನದ ಮೇಲ್ಭಾಗದಲ್ಲಿ, ಅಂದರೆ ಅದಕ್ಕೂ ಆಕಾಶಕ್ಕೂ ನಡುವೆ, ಲೋಹ ಯಾವುದಿದೆ ಎಂಬುದನ್ನು ಮೊದಲು ಹುಡುಕಬೇಕು. ಹಳೆಯ ಸ್ಟೀರಿಯೋ ಇದ್ದ ಜಾಗವನ್ನು ಬಳಸಿಕೊಂಡಿದ್ದರೆ ಅದರ ತಗಡಿನ ಗೂಡು ಒಳಗೇ ಉಳಿದಿರುತ್ತದೆ. ಅದರ ಹಿಂದೆ ಡ್ಯಾಶ್‌ಬೋರ್ಡನ್ನು ಹೊತ್ತ ಉಕ್ಕಿನ ಅಡ್ಡತೊಲೆ ಇರುತ್ತದೆ. ಸದ್ದು ತಡೆಯಲು ಅಂಟಿಸಿದ ಡಾಂಬರಿನ ಹಾಳೆಗಳಿಗೆ ಒಂದು ಬದಿಯಲ್ಲಿ ಅಲ್ಯುಮಿನಿಯಂ ಪದರವಿರುವುದನ್ನು ಬಹಳ ಮಂದಿ ಮರೆಯುತ್ತಾರೆ. ಅಂದಕ್ಕಾಗಿ ನಿಜವಾದ ಕಾರ್ಬನ್ ಫೈಬರಿನ ಮುಚ್ಚಳ ಹಾಕಿದ್ದರೆ ಅದೂ ವಿದ್ಯುತ್ ವಾಹಕವೇ ಆದ್ದರಿಂದ ಸಂಕೇತವನ್ನು ತಡೆಯುತ್ತದೆ. ಕಾರ್ಬನ್ ಫೈಬರಿನ ಚಿತ್ರ ಮುದ್ರಿಸಿದ ಬರಿಯ ವಿನೈಲ್ ಸ್ಟಿಕರ್ ತಡೆಯುವುದಿಲ್ಲ.

ಸಾಧನದೊಳಗಿನ ಆಂಟೆನಾ ಎಲ್ಲಿದೆ ಎಂಬುದು ತಿಳಿಯದೆ ಇದರಲ್ಲಿ ಮುಂದುವರಿಯುವುದು ಕಷ್ಟ. ಸಾಮಾನ್ಯವಾಗಿ ಅದು ಪರದೆಯ ಮೇಲಂಚಿನಲ್ಲೋ ಬೆನ್ನಿನ ಮೇಲ್ಭಾಗದಲ್ಲೋ ಅಡಗಿರುವ, ಉಗುರಿನಿಂದ ಬೆಂಕಿಪೊಟ್ಟಣದವರೆಗಿನ ಗಾತ್ರದ ಚಪ್ಪಟೆ ಸೆರಾಮಿಕ್ ತುಂಡು. ಅದನ್ನು ಹುಡುಕಲು ಸಾಧನವನ್ನು ಬಿಚ್ಚಬೇಕಿಲ್ಲ. ಬಯಲಿನಲ್ಲಿ ನಿಂತು, ಪರದೆಯಲ್ಲಿ ಉಪಗ್ರಹಗಳ ಬಲವನ್ನು ಪಟ್ಟಿಗಳಾಗಿ ತೋರಿಸುವ ಪುಟವನ್ನು ತೆರೆದು, ಅಂಗೈಯನ್ನು ಸಾಧನದ ಒಂದೊಂದು ಭಾಗದ ಮೇಲೆ ಹತ್ತು ಹದಿನೈದು ಸೆಕೆಂಡು ಕವುಚಿ ಹಿಡಿಯುತ್ತ ಹೋಗಬೇಕು. ಕೈಯಲ್ಲಿರುವ ನೀರಿನಂಶ ಈ ಆವರ್ತನವನ್ನು ಚೆನ್ನಾಗಿ ಹೀರುವುದರಿಂದ ಎಲ್ಲಿ ಕೈಯಿಟ್ಟಾಗ ಪಟ್ಟಿಗಳು ಒಮ್ಮೆಗೇ ಕುಸಿಯುತ್ತವೆಯೋ ಅಲ್ಲಿಯೇ ಆಂಟೆನಾ ಇದೆ. ಆ ಭಾಗದ ಮೇಲೆ ಲೋಹದ ಬ್ರಾಕೆಟ್ಟಾಗಲಿ ಸ್ಕ್ರೂ ಪಟ್ಟಿಯಾಗಲಿ ಹಾಯದಂತೆ ಚೌಕಟ್ಟನ್ನು ತಿದ್ದಿದರೆ ಅರ್ಧಕ್ಕರ್ಧ ಪ್ರಕರಣಗಳು ಅಲ್ಲಿಗೇ ಮುಗಿಯುತ್ತವೆ.

ಉಪಗ್ರಹದ ಪುಟದಲ್ಲಿ ಕಾಣುವ ಪಟ್ಟಿಗಳ ಬಗೆಯನ್ನು ಓದಲು ಕಲಿಯುವುದು ಒಳ್ಳೆಯದು. ಹಲವು ಸಾಧನಗಳಲ್ಲಿ ಟೊಳ್ಳು ಪಟ್ಟಿ ಎಂದರೆ ಉಪಗ್ರಹ ಕೇಳಿಸುತ್ತಿದೆ, ಆದರೆ ಅದರ ಕಕ್ಷೆಯ ವಿವರ ಇನ್ನೂ ಪೂರ್ತಿಯಾಗಿ ಇಳಿದಿಲ್ಲ ಎಂದರ್ಥ. ತುಂಬಿದ ಪಟ್ಟಿ ಎಂದರೆ ಲೆಕ್ಕಕ್ಕೆ ಬಳಕೆಯಾಗುತ್ತಿದೆ ಎಂದರ್ಥ. ಪ್ರತಿಯೊಂದು ಉಪಗ್ರಹವೂ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಕಳುಹಿಸುತ್ತದೆ, ಮತ್ತು ಅದನ್ನು ಸಾಧನ ತುಂಡಿಲ್ಲದೆ ಕೇಳಿಸಿಕೊಳ್ಳಬೇಕು. ನಡುವೆ ಸಂಕೇತ ಕಡಿದರೆ ಕಳೆದ ಭಾಗ ಇನ್ನೊಮ್ಮೆ ಬರುವವರೆಗೆ ಕಾಯಬೇಕಾಗುತ್ತದೆ. ಪಟ್ಟಿಗಳು ಕಾಣುತ್ತಿದ್ದರೂ ಬಹಳ ಹೊತ್ತು ಟೊಳ್ಳಾಗಿಯೇ ಉಳಿಯುತ್ತಿದ್ದರೆ ಸಂಕೇತ ಸಿಗುತ್ತಿದೆ, ಆದರೆ ಅಂಚಿನ ಬಲದಲ್ಲಿ ಸಿಗುತ್ತಿದೆ ಎಂದು ತಿಳಿಯಬಹುದು. ಕಾರು ನಿಂತಾಗ ಸ್ಥಾನ ಸಿಕ್ಕು, ಮರಗಳ ಕೆಳಗೆ ಓಡಿಸುತ್ತ ಆರಂಭಿಸಿದಾಗ ಮಾತ್ರ ಸಿಗದಿರುವುದು ಇದೇ ದೋಷದ ಇನ್ನೊಂದು ಮುಖ. ಸ್ಥಾನ ನಿರ್ಧಾರಕ್ಕೆ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ಡ್ಯಾಶ್‌ಬೋರ್ಡಿನೊಳಗಿಂದ ನಾಲ್ಕೈದು ಮಾತ್ರ ಕಾಣುತ್ತಿದ್ದು, ಗಾಜಿನ ಮೇಲಿಟ್ಟಾಗ ಎಂಟೊಂಬತ್ತು ಕಾಣುವುದಾದರೆ ಜಾಗವೇ ತಪ್ಪು ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ಜಾಗದಲ್ಲಿ ತಪ್ಪಿಲ್ಲವೆಂದು ಕಂಡ ಮೇಲೆ ಅನುಮಾನಿಸಬೇಕಾದದ್ದು ವಿದ್ಯುತ್ ಪರಿವರ್ತಕವನ್ನು. ಕಾರಿನ 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಚಿಕ್ಕ ಪರಿವರ್ತಕಗಳು ಸೆಕೆಂಡಿಗೆ ಲಕ್ಷಾಂತರ ಬಾರಿ ವಿದ್ಯುತ್ತನ್ನು ಕಡಿದು ಕೂಡಿಸುತ್ತ ಕೆಲಸ ಮಾಡುತ್ತವೆ, ಮತ್ತು ಅಗ್ಗದ ಮಾದರಿಗಳು ಈ ಕಡಿತದ ಗದ್ದಲವನ್ನು ಸೋಸದೆ ಹೊರಗೆ ಚೆಲ್ಲುತ್ತವೆ. ಅಂಥದ್ದನ್ನು ಸಾಧನದ ಬೆನ್ನಿಗೇ ಅಂಟಿಸಿ ಮುಚ್ಚಿದರೆ ಉಪಗ್ರಹದ ಪಿಸುಮಾತು ಸಂತೆಯ ಗಲಾಟೆಯಲ್ಲಿ ಮುಳುಗಿದಂತಾಗುತ್ತದೆ. ಪರೀಕ್ಷೆ ಸರಳವಾದದ್ದು: ಸಾಧನವನ್ನು ಅದರ ಒಳಬ್ಯಾಟರಿಯ ಮೇಲೆ ಓಡಿಸುತ್ತ, ಪರಿವರ್ತಕಕ್ಕೆ ವಿದ್ಯುತ್ತು ಕೊಡದೆ ಪಟ್ಟಿಗಳನ್ನು ಗುರುತು ಮಾಡಿಕೊಂಡು, ಅನಂತರ ಪರಿವರ್ತಕವನ್ನು ಚಾಲೂ ಮಾಡಿ ಮತ್ತೆ ನೋಡಬೇಕು. ಪಟ್ಟಿಗಳು ಎಲ್ಲವೂ ಒಟ್ಟಿಗೆ ತಗ್ಗಿದರೆ ಕಾರಣ ಗದ್ದಲ. ಒಂದೆರಡು ಮಾತ್ರ ತಗ್ಗಿದರೆ ಆ ಉಪಗ್ರಹಗಳು ಯಾವುದೋ ಮರೆಗೆ ಸರಿದಿರಬಹುದು. ಕಾರಿನ ಎಫ್‌ಎಂ ರೇಡಿಯೋವನ್ನು ದುರ್ಬಲವಾಗಿ ಕೇಳಿಸುವ ನಿಲ್ದಾಣಕ್ಕೆ ತಿರುಗಿಸಿಟ್ಟರೆ ಅದೂ ಸಾಕ್ಷಿ ನುಡಿಯುತ್ತದೆ: ಪರಿವರ್ತಕ ಚಾಲೂ ಆದೊಡನೆ ಬುಸುಗುಟ್ಟುವಿಕೆ ಹೆಚ್ಚಿದರೆ ಆ ಪರಿವರ್ತಕವನ್ನು ಬದಲಿಸುವುದೇ ಲೇಸು. ಹತ್ತಿರದಲ್ಲಿ ಅಳವಡಿಸಿದ ಡ್ಯಾಶ್‌ಕ್ಯಾಮೆರಾಗಳೂ ಇದೇ ತಂಟೆಗೆ ಹೆಸರಾಗಿವೆ. ಪರಿವರ್ತಕವನ್ನು ಸಾಧನದಿಂದ ಒಂದು ಮೊಳ ದೂರಕ್ಕೆ ಸರಿಸಿ, ವೈರಿನ ಎರಡೂ ತುದಿಗೆ ಈ ಗದ್ದಲವನ್ನು ತಗ್ಗಿಸುವ ಫೆರೈಟ್ ಉಂಗುರ ಹಾಕುವುದರಿಂದ ಬಹಳಷ್ಟು ಸುಧಾರಣೆ ಕಾಣುತ್ತದೆ.

ಗಾಜಿನ ಮೇಲೆ ಹೊರಗಿಟ್ಟರೂ ಪಟ್ಟಿಗಳು ಕುಗ್ಗಿಯೇ ಇದ್ದು, ಕಾರಿನಿಂದ ಇಳಿದು ಕೈಯಲ್ಲಿ ಹಿಡಿದಾಗ ಮಾತ್ರ ಚೇತರಿಸಿಕೊಂಡರೆ ದೋಷ ಗಾಜಿನದು. ಬಿಸಿಲಿನ ಶಾಖವನ್ನು ಪ್ರತಿಫಲಿಸಲು ಲೋಹದ ಲೇಪ ಕೊಟ್ಟ ಗಾಜುಗಳು ಈ ಸಂಕೇತವನ್ನೂ ತಡೆಯುತ್ತವೆ. ಅಂಥ ಗಾಜುಗಳಲ್ಲಿ ಹಿನ್ನೋಟದ ಕನ್ನಡಿಯ ಹಿಂಭಾಗದಲ್ಲಿ ಸಾಮಾನ್ಯವಾಗಿ ಲೇಪವಿಲ್ಲದ ಚಿಕ್ಕ ಕಿಂಡಿಯೊಂದನ್ನು ಬಿಟ್ಟಿರುತ್ತಾರೆ. ಡ್ಯಾಶ್‌ಬೋರ್ಡಿನೊಳಗಿನ ಸಾಧನಕ್ಕೆ ಆ ಕಿಂಡಿ ದೂರವಾಗುವುದರಿಂದ ಹೊರ ಆಂಟೆನಾ ಒಂದೇ ದಾರಿ, ಅದೂ ಸಾಧನದಲ್ಲಿ ಅದಕ್ಕೆ ಸಾಕೆಟ್ಟು ಇದ್ದರೆ ಮಾತ್ರ.

ಹೊರ ಆಂಟೆನಾ ಹಾಕಿಯೂ ಸುಧಾರಿಸದ ಜೋಡಣೆಗಳನ್ನು ತೆರೆದು ನೋಡಿದಾಗ ನನಗೆ ಮತ್ತೆ ಮತ್ತೆ ಕಂಡದ್ದು ಎರಡೇ ತಪ್ಪುಗಳು. ಮೊದಲನೆಯದು, ಆಂಟೆನಾವನ್ನು ಡ್ಯಾಶ್‌ಬೋರ್ಡಿನ ಮೇಲ್ಹೊದಿಕೆಯ ಒಳಮೈಗೆ ಬೆನ್ನು ಮೇಲಾಗಿ ಅಂಟಿಸಿರುವುದು. ಅಯಸ್ಕಾಂತವಿರುವ ಮುಖ ಕೆಳಗೂ ನುಣುಪಾದ ಮುಖ ಆಕಾಶದ ಕಡೆಗೂ ಇರಬೇಕು, ಮತ್ತು ಅದರಡಿಯಲ್ಲಿ ಅಂಗೈಯಗಲದ ತಗಡಿನ ತುಂಡೊಂದಿದ್ದರೆ ಗ್ರಹಣ ಶಕ್ತಿ ಇನ್ನೂ ಉತ್ತಮವಾಗುತ್ತದೆ. ಎರಡನೆಯದು, ಕನೆಕ್ಟರು ಅರೆಬರೆಯಾಗಿ ಕೂತಿರುವುದು. ಈ ಆಂಟೆನಾಗಳ ಒಳಗೆ ಸಂಕೇತ ವರ್ಧಕವಿರುತ್ತದೆ, ಅದಕ್ಕೆ ಬೇಕಾದ 3ರಿಂದ 5 ವೋಲ್ಟು ಅದೇ ವೈರಿನ ನಡುತಂತಿಯಲ್ಲಿ ಸಾಧನದಿಂದ ಹೋಗುತ್ತದೆ. ಸಾಧನದ ಸಾಕೆಟ್ಟಿನಲ್ಲಿ ಈ ವೋಲ್ಟೇಜು ಕಾಣದಿದ್ದರೆ ಎಂಥ ಒಳ್ಳೆಯ ಆಂಟೆನಾ ಆದರೂ ಕಿವುಡಾಗಿಯೇ ಇರುತ್ತದೆ. ಹೆಚ್ಚಾದ ವೈರನ್ನು ಕತ್ತರಿಸಲು ಹೋಗದೆ ಸಡಿಲ ಸುರುಳಿಯಾಗಿ ಸುತ್ತಿಡಬೇಕು. ಚೂಪಾಗಿ ಮಡಿಸಿದರೆ ಒಳತಂತಿಯ ಹೊದಿಕೆ ಜಜ್ಜಿಹೋಗುತ್ತದೆ. ಈ ವೈರನ್ನು ಕಿಟಕಿಯ ಪಕ್ಕದ ಕಂಬದೊಳಗೆ ಹಾಯಿಸುವಾಗ ಅಲ್ಲಿರಬಹುದಾದ ಕರ್ಟನ್ ಏರ್‌ಬ್ಯಾಗಿನ (ಕಿಟಕಿಗೆ ತೆರೆಯಂತೆ ಇಳಿಯುವ ಏರ್‌ಬ್ಯಾಗಿನ) ಹಿಂದಿನಿಂದ ಒಯ್ಯಬೇಕೇ ಹೊರತು ಮುಂದಿನಿಂದಲ್ಲ.

ಜೋಡಣೆಗೆ ಸಂಬಂಧವಿಲ್ಲದಿದ್ದರೂ ಅದೇ ವೇಳೆಗೆ ಕಾಣಿಸಿಕೊಂಡು ದಾರಿ ತಪ್ಪಿಸುವ ಕೆಲವು ಸಂಗತಿಗಳಿವೆ. ತಿಂಗಳುಗಟ್ಟಲೆ ಬಳಸದಿದ್ದ ಸಾಧನ ಎಲ್ಲ ಉಪಗ್ರಹಗಳ ಒಟ್ಟು ವಿವರಪಟ್ಟಿಯನ್ನು ಹೊಸದಾಗಿ ಇಳಿಸಿಕೊಳ್ಳಬೇಕಾದಾಗ, ಆ ವಿವರಪಟ್ಟಿ ಒಮ್ಮೆ ಪೂರ್ತಿ ಪ್ರಸಾರವಾಗಲು 12.5 ನಿಮಿಷ ಹಿಡಿಯುವುದರಿಂದ, ಬಯಲಿನಲ್ಲಿ ಇಪ್ಪತ್ತು ನಿಮಿಷ ಬಿಟ್ಟು ನೋಡದೆ ತೀರ್ಪು ಕೊಡಬಾರದು. ಹಳೆಯ ಸಾಧನ ಉಪಗ್ರಹಗಳನ್ನು ಚೆನ್ನಾಗಿ ಹಿಡಿದೂ ತಾರೀಖನ್ನು ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ತೋರಿಸುತ್ತಿದ್ದರೆ, ಜಿಪಿಎಸ್ಸಿನ 1024 ವಾರಗಳ ಎಣಿಕೆ 2019ರ ಏಪ್ರಿಲ್ 6ರ ನಡುರಾತ್ರಿ ಸೊನ್ನೆಗೆ ಮರಳಿದ ಪರಿಣಾಮವಿರಬಹುದು. ಅದಕ್ಕೆ ಮದ್ದು ತಂತ್ರಾಂಶದ ಪರಿಷ್ಕರಣೆಯೇ ಹೊರತು ಆಂಟೆನಾ ಅಲ್ಲ. ಕಾರು ನಿಂತಿರುವಾಗ ಬಾಣದ ಗುರುತು ದಿಕ್ಕುಗೆಟ್ಟು ತಿರುಗುವುದು ದೋಷವೇ ಅಲ್ಲ, ಏಕೆಂದರೆ ಇಂಥ ಬಹುತೇಕ ಸಾಧನಗಳು ದಿಕ್ಕನ್ನು ಚಲನೆಯಿಂದಲೇ ಲೆಕ್ಕ ಹಾಕುತ್ತವೆ.

ಆರಿಹೋಗುವುದು, ಚಾರ್ಜ್ ಆಗದಿರುವುದು, ಕಂಪ್ಯೂಟರಿನ ಚಿತ್ರ ಬಂದು ನಿಲ್ಲುವುದು

ಮೊದಲು ಕಂಪ್ಯೂಟರಿನ ಚಿತ್ರದ ವಿಷಯ, ಅದು ಸುಲಭವಾದದ್ದು. ಮೂಲ ಚಾರ್ಜರನ್ನು ಬಿಟ್ಟು ಸಾಮಾನ್ಯ ಯುಎಸ್‌ಬಿ ವೈರನ್ನು ಪರಿವರ್ತಕಕ್ಕೆ ಸಿಕ್ಕಿಸಿದರೆ ಕೆಲವು ಸಾಧನಗಳು ತಮ್ಮನ್ನು ಕಂಪ್ಯೂಟರಿಗೆ ಜೋಡಿಸಲಾಗಿದೆ ಎಂದು ಭಾವಿಸಿ, ಕಂಪ್ಯೂಟರಿನ ಚಿತ್ರ ತೋರಿಸಿ ನಕ್ಷೆಯನ್ನು ಮುಚ್ಚಿಬಿಡುತ್ತವೆ; ಇನ್ನು ಕೆಲವು ನಕ್ಷೆಯನ್ನು ತೋರಿಸಿದರೂ ಅರ್ಧ ಆಂಪಿಯರಿಗಿಂತ ಹೆಚ್ಚು ಕರೆಂಟು ಎಳೆಯಲು ಒಪ್ಪದೆ, ಪೂರ್ಣ ಬೆಳಕಿನಲ್ಲಿ ಓಡುತ್ತ ಒಳಬ್ಯಾಟರಿಯನ್ನು ನಿಧಾನವಾಗಿ ಬರಿದು ಮಾಡುತ್ತವೆ. ಎದುರಿಗಿರುವುದು ಬರಿಯ ಚಾರ್ಜರು ಎಂಬ ಸುಳಿವು ವೈರಿನ ಪಿನ್ನುಗಳಲ್ಲಿ ಅಡಗಿರುತ್ತದೆ: ಕೆಲವು ತಯಾರಿಕೆಗಳಲ್ಲಿ ದತ್ತಾಂಶದ ಎರಡು ತಂತಿಗಳನ್ನು ಒಂದಕ್ಕೊಂದು ಸೇರಿಸಿರುತ್ತಾರೆ, ಕೆಲವದರಲ್ಲಿ ಮಿನಿ ಯುಎಸ್‌ಬಿಯ ಹೆಚ್ಚುವರಿ ಪಿನ್ನಿಗೆ ನಿರೋಧಕವನ್ನು ಕೂರಿಸಿರುತ್ತಾರೆ. ಇದನ್ನು ಊಹಿಸಿ ಬೆಸೆಯುವುದಕ್ಕಿಂತ ಮೂಲ ಚಾರ್ಜರನ್ನೇ ಡ್ಯಾಶ್‌ಬೋರ್ಡಿನ ಹಿಂದೆ ಒಂದು ಹೆಚ್ಚುವರಿ ಲೈಟರ್ ಸಾಕೆಟ್ಟಿಗೆ ಸಿಕ್ಕಿಸಿ ಕಟ್ಟಿಬಿಡುವುದು ನನ್ನ ಮಟ್ಟಿಗೆ ಅತ್ಯುತ್ತಮ ಉಪಾಯ. ನೋಡಲು ಅಂದವಿಲ್ಲ, ಆದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮೂಲ ಚಾರ್ಜರಿನ ಪ್ಲಗ್ಗನ್ನು ಕತ್ತರಿಸಿ ತಂತಿಗಳನ್ನು ನೇರವಾಗಿ 12 ವೋಲ್ಟಿಗೆ ಜೋಡಿಸುವ ಯೋಚನೆ ಬಂದರೆ ಕತ್ತರಿಯನ್ನು ಕೆಳಗಿಡಬೇಕು; 12 ವೋಲ್ಟನ್ನು 5ಕ್ಕೆ ಇಳಿಸುವ ಮಂಡಲ (ಸರ್ಕಿಟ್) ಸಾಮಾನ್ಯವಾಗಿ ಆ ಪ್ಲಗ್ಗಿನೊಳಗೇ ಇರುವುದರಿಂದ, ಕತ್ತರಿಸಿದ ವೈರಿನಲ್ಲಿ 12 ವೋಲ್ಟು ಹೋದ ಕ್ಷಣವೇ ಸಾಧನದ ಕಥೆ ಮುಗಿಯುತ್ತದೆ.

ಮುಂದಿನದು ವೋಲ್ಟೇಜಿನ ಕುಸಿತ. ಇದನ್ನು ಸಾಧನ ಕಳಚಿದಾಗ ಅಳೆದರೆ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ಕರೆಂಟು ಹರಿಯದೆ ಕುಸಿತವೂ ಇಲ್ಲ. ಸಾಧನವನ್ನು ಜೋಡಿಸಿ, ಪರದೆಯ ಬೆಳಕನ್ನು ಪೂರ್ತಿ ಏರಿಸಿ, ಒಳಬ್ಯಾಟರಿ ಅರ್ಧದಷ್ಟು ಖಾಲಿಯಾಗಿರುವಾಗ ಸಾಧನದ ತುದಿಯಲ್ಲಿ ಅಳೆಯಬೇಕು. ತೆಳುವಾದ 28 ಗೇಜಿನ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ನಿರೋಧವಿರುತ್ತದೆ. ಎರಡು ಮೀಟರ್ ಉದ್ದದ ವೈರೆಂದರೆ ಹೋಗಿ ಬರುವ ದಾರಿ ನಾಲ್ಕು ಮೀಟರು, ಅಂದರೆ 0.85 ಓಮ್, ಒಂದು ಆಂಪಿಯರ್ ಎಳೆದಾಗ ಪರಿವರ್ತಕ ಕೊಟ್ಟ 5 ವೋಲ್ಟಿನಲ್ಲಿ ಸಾಧನಕ್ಕೆ ತಲುಪುವುದು 4.15 ಮಾತ್ರ. ಇಷ್ಟರಲ್ಲಿ ಸಾಧನ ಓಡುವಂತೆ ಕಂಡರೂ ಬ್ಯಾಟರಿ ತುಂಬುವುದಿಲ್ಲ, ಲಿಥಿಯಂ ಬ್ಯಾಟರಿಯನ್ನು 4.2 ವೋಲ್ಟಿನವರೆಗೆ ಏರಿಸಬೇಕಾದ ಮಂಡಲಕ್ಕೆ ಅಷ್ಟು ಒತ್ತಡವೇ ಸಿಗುತ್ತಿರುವುದಿಲ್ಲ. ಅದೇ ಉದ್ದಕ್ಕೆ 20 ಗೇಜಿನ ತಂತಿ ಬಳಸಿದರೆ ಕುಸಿತ 0.13 ವೋಲ್ಟಿಗೆ ಇಳಿಯುತ್ತದೆ. ಸಾಧನದ ತುದಿಯಲ್ಲಿ 4.75ಕ್ಕಿಂತ ಕಡಿಮೆ ಕಂಡರೆ ವೈರನ್ನು ಗಿಡ್ಡ ಮಾಡಬೇಕು ಅಥವಾ ದಪ್ಪ ಮಾಡಬೇಕು. ಉದ್ದ ಬೇಕೇ ಬೇಕಾದಲ್ಲಿ ಆ ಉದ್ದವನ್ನು 12 ವೋಲ್ಟಿನ ಬದಿಯಲ್ಲಿ ಇಟ್ಟುಕೊಂಡು 5 ವೋಲ್ಟಿನ ಬದಿಯನ್ನು ಚಿಕ್ಕದಾಗಿಸುವುದು ಜಾಣತನ, ಆದರೆ ಪರಿವರ್ತಕವನ್ನು ಆಂಟೆನಾದ ಪಕ್ಕಕ್ಕೆ ತಂದು ಮೇಲೆ ಹೇಳಿದ ಗದ್ದಲದ ತೊಂದರೆಯನ್ನು ಮರಳಿ ಆಹ್ವಾನಿಸಬಾರದು.

12 ವೋಲ್ಟಿನ ಬದಿಯಲ್ಲಿ ಹುಡುಕಬೇಕಾದದ್ದು ಮೂಲ ಮತ್ತು ಅರ್ತಿಂಗು. ಸ್ಟೀರಿಯೋದ ಹಿಂದಿನ ಐಎಸ್ಒ ಕನೆಕ್ಟರಿನಿಂದ ವಿದ್ಯುತ್ತು ತೆಗೆದಿದ್ದರೆ, ಅದರ ‘ಎ’ ಭಾಗದಲ್ಲಿ 4ನೆಯ ಪಿನ್ನು ಸದಾ ಜೀವಂತವಾಗಿರುವ ಬ್ಯಾಟರಿಯ ತಂತಿ, 7ನೆಯದು ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ತಂತಿ, 8ನೆಯದು ಅರ್ತಿಂಗು; ಆದರೆ 4 ಮತ್ತು 7 ಅದಲುಬದಲಾದ ಕಾರುಗಳೂ ಇರುವುದರಿಂದ ಬಣ್ಣವನ್ನಾಗಲಿ ಸಂಖ್ಯೆಯನ್ನಾಗಲಿ ನಂಬದೆ ಕೀಲಿ ತೆಗೆದು ಹಾಕಿ ಅಳೆಯಲೇಬೇಕು. ಸದಾ ಜೀವಂತವಿರುವ ತಂತಿಗೆ ಜೋಡಿಸಿದರೆ ಸಾಧನ ಆರಿದ್ದರೂ ಪರಿವರ್ತಕ ತಾನು ಎಚ್ಚರವಿರಲು 20 ಮಿಲಿಆಂಪಿಯರಿನಷ್ಟು ಎಳೆಯಬಹುದು. ಎರಡು ವಾರ ನಿಂತ ಕಾರಿನಲ್ಲಿ ಇದು 6.7 ಆಂಪಿಯರ್ ಗಂಟೆಯಾಗುತ್ತದೆ, ಮತ್ತು ಮುಪ್ಪಾದ ಕಾರ್ ಬ್ಯಾಟರಿಗೆ ಅಷ್ಟೇ ಸಾಕು. ಅರ್ತಿಂಗನ್ನು ಪರೀಕ್ಷಿಸಲು ಪರಿವರ್ತಕದ ನೆಗೆಟಿವ್ ತುದಿಗೂ ಬ್ಯಾಟರಿಯ ನೆಗೆಟಿವ್ ತುದಿಗೂ ನಡುವೆ ಅಳೆದು, ಅನಂತರ ಹೆಡ್‌ಲೈಟು, ಬ್ಲೋವರು ಎಲ್ಲವನ್ನೂ ಹಾಕಿ ಮತ್ತೆ ಅಳೆಯಬೇಕು. ಸಾಧನ ಎಳೆಯುವ ಕರೆಂಟು ಚಿಕ್ಕದು, ಅದೊಂದರಿಂದ ಹೆಚ್ಚು ಕುಸಿತವಾಗದು. ಬ್ಲೋವರಿನ ಜೊತೆ ಒಂದೇ ಸ್ಕ್ರೂವನ್ನು ಹಂಚಿಕೊಂಡಾಗ ಮಾತ್ರ ಓದು 0.1 ವೋಲ್ಟನ್ನು ದಾಟುತ್ತದೆ, ಆಗ ಬಣ್ಣ ಕೆರೆದ ಲೋಹಕ್ಕೆ ಬೇರೆ ಜಾಗದಲ್ಲಿ ಅರ್ತಿಂಗು ಕೊಡಬೇಕು. ಫ್ಯೂಸಿನ ಮಾತು ಚಿಕ್ಕದು: 2 ಅಥವಾ 3 ಆಂಪಿಯರಿನದನ್ನು ಮೂಲಕ್ಕೆ ಆದಷ್ಟು ಹತ್ತಿರದಲ್ಲಿ ಹಾಕಬೇಕು.

ಎಂಜಿನ್ ಚಾಲೂ ಮಾಡುವ ಕ್ಷಣದಲ್ಲಿ ಮಾತ್ರ ಸಾಧನ ಆರಿ ಹೊತ್ತಿಕೊಂಡರೆ ವೈರಿಂಗನ್ನು ಬೈಯಬೇಕಿಲ್ಲ. ಆ ಹೊತ್ತಿನಲ್ಲಿ ಕಾರಿನ ವೋಲ್ಟೇಜು 9ಕ್ಕೂ ಕೆಳಗೆ ಇಳಿಯಬಹುದು, ಹಲವು ಕಾರುಗಳು ಆ ಸಾಲನ್ನೇ ಕ್ಷಣಕಾಲ ಕಡಿದುಹಾಕುತ್ತವೆ. ಆ ಎರಡು ಸೆಕೆಂಡನ್ನು ದಾಟಿಸುವುದು ಒಳಬ್ಯಾಟರಿಯ ಕೆಲಸ. ಅದು ದಾಟಿಸುತ್ತಿಲ್ಲವೆಂದರೆ ಬ್ಯಾಟರಿ ಸತ್ತಿದೆ. ವೈರು ಕಳಚಿ ಹತ್ತು ನಿಮಿಷ ಓಡಿಸಿ ನೋಡಿದರೆ ತಿಳಿಯುತ್ತದೆ. ಸತ್ತ ಒಳಬ್ಯಾಟರಿಗೆ ಇನ್ನೊಂದು ವೇಷವೂ ಇದೆ: ಕೆಲವು ಸಾಧನಗಳಲ್ಲಿ ಗಡಿಯಾರವನ್ನು ನಡೆಸುವುದೂ ಅದೇ ಆದ್ದರಿಂದ, ಪ್ರತಿ ಬಾರಿ ಕೀಲಿ ತೆಗೆದಾಗ ಸಾಧನ ಹೊತ್ತನ್ನೂ ಕಕ್ಷೆಯ ವಿವರಗಳನ್ನೂ ಮರೆತು, ಮರುದಿನ ಉಪಗ್ರಹ ಹುಡುಕಲು ನಿಮಿಷಗಟ್ಟಲೆ ತೆಗೆದುಕೊಂಡು, ಆಂಟೆನಾ ದೋಷದಂತೆ ನಟಿಸುತ್ತದೆ.

ಹಚ್ಚಿದೊಡನೆ ಕೆಲವು ಸೆಕೆಂಡು ಬೆಳಗಿ, ತಾನಾಗಿಯೇ ಆರಿ, ಮತ್ತೆ ಹೊತ್ತಿಕೊಳ್ಳುವ ಸಾಧನವನ್ನು ಕಂಡರೆ ಮೀಟರಿಗಿಂತ ಮೊದಲು ಚೌಕಟ್ಟಿನ ಮೇಲಂಚನ್ನು ನೋಡಬೇಕು. ಪವರ್ ಗುಂಡಿ ಅಲ್ಲಿದ್ದು ಚೌಕಟ್ಟು ಅದನ್ನು ಸದಾ ಅದುಮಿ ಹಿಡಿದಿರುತ್ತದೆ.

ಮಧ್ಯಾಹ್ನ ಮಾತ್ರ ಬರುವ ದೋಷಗಳು

ಬೆಳಗ್ಗೆ ಸರಿಯಾಗಿದ್ದು ಬಿಸಿಲೇರಿದ ಮೇಲೆ ಕೆಡುವ ಜೋಡಣೆಯ ಬಗ್ಗೆ ವಿವರವಾಗಿ ಹೇಳಬೇಕೆನಿಸುತ್ತದೆ, ಏಕೆಂದರೆ ನನ್ನ ಮೊದಲ ಜೋಡಣೆಯೇ ಹೀಗೆ ಕಾಡಿತ್ತು. ನಡುಹಗಲಿನಲ್ಲಿ ನಕ್ಷೆ ತಾನಾಗಿಯೇ ಒಂದು ಬದಿಗೆ ಸರಿಯುತ್ತಿತ್ತು, ಬೆರಳಿಟ್ಟ ಕಡೆ ಬಿಟ್ಟು ಬೇರೆಲ್ಲೋ ಗುಂಡಿ ಒತ್ತಿಕೊಳ್ಳುತ್ತಿತ್ತು. ಪರದೆಯನ್ನು ಮೂರು ಸಲ ಹೊಂದಾಣಿಕೆ ಮಾಡಿದೆ. ಸಂಜೆ ಮಾಡಿದ ಹೊಂದಾಣಿಕೆ ಮರುದಿನ ಮಧ್ಯಾಹ್ನಕ್ಕೆ ಸುಳ್ಳಾಗುತ್ತಿತ್ತು. ಕೊನೆಗೆ ಚೌಕಟ್ಟಿನ ನಾಲ್ಕು ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿದಾಗ ದೋಷ ಅಲ್ಲಿಯೇ ನಿಂತಿತು.

ಹಳೆಯ ಪೋರ್ಟಬಲ್ ಸಾಧನಗಳಲ್ಲಿ ಹೆಚ್ಚಾಗಿರುವುದು ಒತ್ತಡವನ್ನು ಗ್ರಹಿಸುವ ಪರದೆ. ಅದರಲ್ಲಿ ಎರಡು ವಾಹಕ ಪದರಗಳು ಕೂದಲೆಳೆಯ ಅಂತರದಲ್ಲಿರುತ್ತವೆ, ಒತ್ತಿದ ಕಡೆ ಅವು ಒಂದನ್ನೊಂದು ಮುಟ್ಟುತ್ತವೆ. ಒತ್ತಿದ್ದು ಬೆರಳೋ ಚೌಕಟ್ಟಿನ ತುಟಿಯೋ ಎಂಬುದು ಅದಕ್ಕೆ ತಿಳಿಯದು. ಎಬಿಎಸ್ ಪ್ಲಾಸ್ಟಿಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಮೀಟರಿಗೆ ಸುಮಾರು 0.08 ಮಿ.ಮೀ. ಹಿಗ್ಗುತ್ತದೆ. 120 ಮಿ.ಮೀ. ಅಗಲದ ಸಾಧನದ ಕವಚ 50 ಡಿಗ್ರಿ ಬಿಸಿಯೇರಿದರೆ ಹೆಚ್ಚು ಕಡಿಮೆ ಅರ್ಧ ಮಿಲಿಮೀಟರ್ ಬೆಳೆಯುತ್ತದೆ. ಸುತ್ತಲಿನ ಚೌಕಟ್ಟೂ ಅಷ್ಟೇ ಹಿಗ್ಗಿದರೆ ತೊಂದರೆಯಿಲ್ಲ, ಆದರೆ ಅಲ್ಯುಮಿನಿಯಂ ಅದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ಹಿಗ್ಗುವುದರಿಂದ, ಲೋಹದ ಚೌಕಟ್ಟಿನೊಳಗೆ ಬಿಗಿಯಾಗಿ ಕೂರಿಸಿದ ಪ್ಲಾಸ್ಟಿಕ್ಕಿನ ಸಾಧನ ಬಿಸಿಲಿನಲ್ಲಿ ಅಕ್ಷರಶಃ ಹಿಂಡಿಸಿಕೊಳ್ಳುತ್ತದೆ. ಚೌಕಟ್ಟಿನ ತುಟಿ ಪರದೆಯ ಗಾಜಿನ ಮೇಲೆ ಬರದೆ ಸಾಧನದ ಕವಚದ ಅಂಚಿನ ಮೇಲೆ ಮಾತ್ರ ಕೂರಬೇಕು, ಸುತ್ತಲೂ ಒಂದು ಮಿಲಿಮೀಟರ್ ಬಿಡುವು ಬೇಕು, ಆ ಬಿಡುವನ್ನು ಮೆತ್ತನೆಯ ಫೋಮ್ ಪಟ್ಟಿಯಿಂದ ತುಂಬಬಹುದು. ಪರೀಕ್ಷೆಗೆ ಒಂದು ಕಾಗದದ ಪಟ್ಟಿ ಸಾಕು: ಬಿಸಿಲಲ್ಲಿ ಎರಡು ಗಂಟೆ ನಿಂತ ಕಾರಿನಲ್ಲಿ ಚೌಕಟ್ಟಿಗೂ ಪರದೆಗೂ ನಡುವೆ ಅದು ನಾಲ್ಕೂ ಬದಿಯಲ್ಲಿ ಸಲೀಸಾಗಿ ಜಾರಬೇಕು. ತಣ್ಣಗಿರುವಾಗ ಮಾಡಿದ ಈ ಪರೀಕ್ಷೆಗೆ ಬೆಲೆಯಿಲ್ಲ.

ಮುಚ್ಚಿದ ಕಾರಿನಲ್ಲಿ ಬಿಸಿಲಿಗೆ ನೇರವಾಗಿ ಒಡ್ಡಿಕೊಂಡ ಡ್ಯಾಶ್‌ಬೋರ್ಡಿನ ಮೇಲ್ಮೈ 70 ಡಿಗ್ರಿಯನ್ನು ದಾಟುವುದು ಅಪರೂಪವಲ್ಲ. ಲಿಥಿಯಂ ಬ್ಯಾಟರಿಗಳನ್ನು ಸಾಮಾನ್ಯವಾಗಿ 0ಯಿಂದ 45 ಡಿಗ್ರಿಯ ನಡುವೆ ಮಾತ್ರ ಚಾರ್ಜ್ ಮಾಡಲು ಅವಕಾಶವಿರುತ್ತದೆ. ಅದನ್ನು ಮೀರಿದಾಗ ರಕ್ಷಣಾ ಮಂಡಲ ಚಾರ್ಜನ್ನು ನಿಲ್ಲಿಸುತ್ತದೆ, ಇನ್ನೂ ಏರಿದರೆ ಸಾಧನವೇ ಆರುತ್ತದೆ. ಯುಎಸ್‌ಬಿ ಮೀಟರಿನಲ್ಲಿ ವೋಲ್ಟೇಜು ಸರಿಯಾಗಿದ್ದು ಕರೆಂಟು ಮಾತ್ರ ಮಧ್ಯಾಹ್ನ ಇಳಿದು, ಎ.ಸಿ. ಹಾಕಿ ಕಾಲು ಗಂಟೆಯಾದ ಮೇಲೆ ಮತ್ತೆ ಏರಿದರೆ ಅದು ದೋಷವಲ್ಲ, ಸಾಧನ ತನ್ನನ್ನು ಕಾಪಾಡಿಕೊಳ್ಳುತ್ತಿರುವ ಬಗೆ. ಪರಿಹಾರವೆಂದರೆ ಸಾಧನದ ಹಿಂದೆ ಗಾಳಿಯಾಡಲು ಕೆಳಗೊಂದು, ಮೇಲೊಂದು ಕಿಂಡಿ ಬಿಡುವುದು. ಗಾಳಿ ಕೊಳವೆಯ ಮುಂದೆಯೇ ಕೂರಿಸಿದವರು ಎ.ಸಿ.ಯ ಲಾಭ ಪಡೆಯುತ್ತಾರೆ, ಆದರೆ ಚಳಿಯಲ್ಲಿ ಹೀಟರು ಹಾಕಿದಾಗ ಅದೇ ಕೊಳವೆ ಸಾಧನವನ್ನು ಬೇಯಿಸುತ್ತದೆ. ಆ ಕೊಳವೆಯನ್ನು ಮುಚ್ಚಿಬಿಡುವುದೇ ಒಳ್ಳೆಯದು. ಚೌಕಟ್ಟನ್ನು ಥ್ರೀಡಿ ಪ್ರಿಂಟರಿನಲ್ಲಿ ಪಿಎಲ್‌ಎ ಪ್ಲಾಸ್ಟಿಕ್ಕಿನಿಂದ ಮಾಡಿಸಿದ್ದರೆ ಅದು 60 ಡಿಗ್ರಿಯ ಸುಮಾರಿಗೇ ಮೆತ್ತಗಾಗಿ ಬಾಗುತ್ತದೆ, ಬಾಗಿದ ಮೇಲೆ ಪರದೆಯನ್ನು ಅದುಮುತ್ತದೆ. ಹೆಚ್ಚು ಬಿಸಿ ತಡೆಯುವ ಎಬಿಎಸ್ ಅಥವಾ ಎಎಸ್‌ಎ ಪ್ಲಾಸ್ಟಿಕ್ಕು ಬಳಸಿ ಇನ್ನೊಮ್ಮೆ ಮುದ್ರಿಸದೆ ಅದಕ್ಕೆ ಬೇರೆ ದುರಸ್ತಿಯಿಲ್ಲ.

ದನಿ, ಕಂಪನ, ಅಂಟು

ಬೆನ್ನಿನಲ್ಲಿ ಸ್ಪೀಕರಿರುವ ಸಾಧನವನ್ನು ಮುಚ್ಚಿದಾಗ ದನಿ ಬಾವಿಯೊಳಗಿಂದ ಬಂದಂತಾಗುತ್ತದೆ. ಚೌಕಟ್ಟಿನ ಕೆಳಭಾಗದಲ್ಲಿ ಸ್ಪೀಕರಿನ ಜಾಲರಿಯಷ್ಟೇ ಅಗಲದ ತೆರಪು ಕೊಟ್ಟರೆ ಸಾಕಾಗುತ್ತದೆ. ದನಿಯನ್ನು ಕಾರಿನ ಸ್ಟೀರಿಯೋಗೆ ವೈರಿನಲ್ಲಿ ಜೋಡಿಸಿದ ಮೇಲೆ ಎಂಜಿನ್ನಿನ ವೇಗದೊಂದಿಗೆ ಏರಿಳಿಯುವ ಸಿಳ್ಳೆ ಕೇಳಿಸಿದರೆ ಸಾಧನದ ವಿದ್ಯುತ್ ವೈರನ್ನು ಒಮ್ಮೆ ಕಳಚಿ ನೋಡಬೇಕು. ಸಿಳ್ಳೆ ನಿಂತರೆ ಅದು ಎರಡು ಬೇರೆ ಬೇರೆ ಅರ್ತಿಂಗುಗಳ ನಡುವೆ ಹರಿಯುವ ಕರೆಂಟಿನ ಸದ್ದು: ಪರಿವರ್ತಕಕ್ಕೆ ಸ್ಟೀರಿಯೋ ಇರುವ ಅರ್ತಿಂಗನ್ನೇ ಕೊಡಬೇಕು, ಆಗಲೂ ಉಳಿದರೆ ದನಿಯ ವೈರಿನ ನಡುವೆ ಆ ಕರೆಂಟನ್ನು ತಡೆಯುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಬೇಕು.

ಅಂಟು ಟೇಪಿನಿಂದ ಕೂರಿಸಿದ ಚೌಕಟ್ಟು ಎದ್ದು ಬಂದರೆ ಟೇಪನ್ನು ಬೈಯುವ ಮೊದಲು ಡ್ಯಾಶ್‌ಬೋರ್ಡಿಗೆ ಹಚ್ಚಿದ ಹೊಳಪಿನ ಪಾಲಿಶನ್ನು ನೆನೆಯಬೇಕು. ಅದರಲ್ಲಿರುವ ಸಿಲಿಕೋನಿನ ಮೇಲೆ ಯಾವ ಅಂಟೂ ನಿಲ್ಲದು. ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ ಎರಡು ಮೂರು ಸಲ ಒರೆಸಿ, ಪೂರ್ತಿ ಒಣಗಿದ ಮೇಲೆ ಅಕ್ರಿಲಿಕ್ ಫೋಮ್ ಟೇಪನ್ನು ಬಲವಾಗಿ ಒತ್ತಿ ಅಂಟಿಸಬೇಕು. ಇಂಥ ಟೇಪು ಪೂರ್ಣ ಬಲಕ್ಕೆ ಬರಲು 72 ಗಂಟೆ ಬೇಕಾಗುವುದರಿಂದ ಅಲ್ಲಿಯವರೆಗೆ ಸಾಧನವನ್ನು ಕೂರಿಸದೆ ಬರಿಯ ಚೌಕಟ್ಟನ್ನು ಬಿಟ್ಟಿರುವುದು ಸುರಕ್ಷಿತ. ಪ್ರಯಾಣಿಕರ ಬದಿಯ ಏರ್‌ಬ್ಯಾಗ್ ತೆರೆದುಕೊಳ್ಳುವ ಮುಚ್ಚಳದ ಮೇಲೆ ಏನನ್ನೂ ಅಂಟಿಸಬಾರದು ಎಂಬುದಕ್ಕೆ ರಿಯಾಯಿತಿಯಿಲ್ಲ.

ಗಡಗಡ ಸದ್ದಿಗೆ ಕಾರಣ ಹೆಚ್ಚಾಗಿ ಸಾಧನವಲ್ಲ, ಅದರ ಹಿಂದೆ ತೂಗಾಡುವ ಕನೆಕ್ಟರುಗಳು. ಎಲ್ಲ ಕನೆಕ್ಟರಿಗೂ ಬಟ್ಟೆಯ ಟೇಪು ಸುತ್ತಿ, ಅಡ್ಡತೊಲೆಗೆ ಟೈ ಹಾಕಿ ಕಟ್ಟಬೇಕು. ಹಾಗೆ ಕಟ್ಟುವಾಗ ಸಾಧನವನ್ನು ಒಂದು ಗೇಣು ಮುಂದಕ್ಕೆ ಎಳೆಯುವಷ್ಟು ವೈರನ್ನು ಸಡಿಲ ಬಿಟ್ಟಿರಬೇಕು, ಮತ್ತು ರೀಸೆಟ್ ಗುಂಡಿಯ ನೇರಕ್ಕೆ ಚೌಕಟ್ಟಿನಲ್ಲಿ ಸೂಜಿ ತೂರುವಷ್ಟು ರಂಧ್ರವನ್ನು ಮೊದಲೇ ಕೊರೆದಿಟ್ಟಿರಬೇಕು.